ಕೊನೆಯ ಪ್ಯಾರಾ

"ಎರಡನೇ ಪುಟ ಇನ್ನೂ ಆಗಿಲ್ವಾ? ಮೆಷಿನ್ನು ಬಾಯಿ ತೆರ್ಕೊಂಡು ಕೂತಿದೆ!" ಸಂಪಾದಕರು ಒಳಗಿನ ಕೋಣೆಯಿಂದ ಕೂಗಿದರು.

"ಹತ್ತು ನಿಮಿಷ ಸಾರ್," ಎಂದು ಅವಳು ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಓದಿದಳು.

ನೀರಿನ ಟ್ಯಾಂಕಿನ ಹಿಂದಿನ ಶಾಲೆಯಿಂದ ಬಂದದ್ದು. ಬರುವ ವರ್ಷದಿಂದ ಆರನೇ ತರಗತಿಗೆ ಒಂದು ಹೊಸ ವಿಭಾಗ. ಇಪ್ಪತ್ತೇ ಮಕ್ಕಳು, ಇಬ್ಬರು ಶಿಕ್ಷಕರು, ಪ್ರತ್ಯೇಕ ಪ್ರಯೋಗಾಲಯ. ಶುಲ್ಕವಿಲ್ಲ. ಅರ್ಜಿ ಶನಿವಾರ ಮಧ್ಯಾಹ್ನದೊಳಗೆ ತಲುಪಬೇಕು. ಇಪ್ಪತ್ತಕ್ಕಿಂತ ಹೆಚ್ಚು ಬಂದರೆ ಚೀಟಿ ಎತ್ತಲಾಗುವುದು. ಅದರ ಕೆಳಗೆ ಕೊನೆಯ ಪ್ಯಾರಾ. ಅದರ ಮೇಲೆ ಅವಳ ಪೆನ್ನು ಆಗಲೇ ಅಡ್ಡಗೀಟು ಎಳೆದಾಗಿತ್ತು. ಅದು ಒಂಬತ್ತು ವರ್ಷದ ಅಭ್ಯಾಸ. ಶಾಲೆಗಳು ಕಳಿಸುವ ಕಾಗದದ ಕೊನೆಯ ಪ್ಯಾರಾದಲ್ಲಿ ಏನೂ ಇರುವುದಿಲ್ಲ. ಪೋಷಕರು ಸಹಕರಿಸಬೇಕು, ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿ ಉಪಕರಿಸಬೇಕು, ಇಷ್ಟೇ. ಕತ್ತರಿಸುವುದಿದ್ದರೆ ಕೆಳಗಿನಿಂದ ಕತ್ತರಿಸು ಎಂದು ಅವಳು ಕೆಲಸಕ್ಕೆ ಸೇರಿದ ದಿನವೇ ಸಂಪಾದಕರು ಹೇಳಿಕೊಟ್ಟಿದ್ದರು. ಈಗ ಓದದೆಯೇ ಕತ್ತರಿಸುವಷ್ಟು ಕೈ ಪಳಗಿತ್ತು.

ಪತ್ರಿಕೆ ಎಂದರೆ ನಾಲ್ಕು ಪುಟದ ವಾರದ ಹಾಳೆ. ಗುರುವಾರ ಬೆಳಿಗ್ಗೆ ಬಡಾವಣೆಯ ಎರಡು ಸಾವಿರ ಮನೆಗಳ ಬಾಗಿಲಿಗೆ ಪುಕ್ಕಟೆ ಬಂದು ಬೀಳುತ್ತಿತ್ತು. ಮೊದಲ ಪುಟ, ಕೊನೆಯ ಪುಟ ಜಾಹೀರಾತಿಗೆ. ಮೂರನೆಯದು ಬಾಡಿಗೆ ಮನೆಗಳಿಗೆ. ಜನ ನಿಜವಾಗಿ ಓದುತ್ತಿದ್ದುದು ಎರಡನೇ ಪುಟದ 'ಶಾಲಾ ಸುದ್ದಿ'. ಯಾವ ಶಾಲೆಯ ಅರ್ಜಿ ಯಾವಾಗ, ಯಾವ ಪರೀಕ್ಷೆಗೆ ಯಾವ ದಿನ ಕೊನೆ, ಎಲ್ಲಿ ವಿದ್ಯಾರ್ಥಿವೇತನ, ಎಲ್ಲವೂ ಅವಳ ಕೈ ದಾಟಿಯೇ ಹೊರಗೆ ಹೋಗಬೇಕು. ಬೇಕರಿಯಲ್ಲೂ ಬಸ್‌ಸ್ಟಾಪಿನಲ್ಲೂ ಅವಳಿಗೆ ಪೇಪರಕ್ಕ ಎಂದೇ ಹೆಸರು.

ಪೇಪರಕ್ಕನ ಮಗಳು ಐದನೇ ತರಗತಿ ಮುಗಿಸುತ್ತಿದ್ದಳು. ಹುಡುಗಿಗೆ ಮಾತು ತಡವರಿಸುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಆದರೆ ಅದು ಬಾಯಿಂದ ಹೊರಬರುವಷ್ಟರಲ್ಲಿ ಟೀಚರು ಪಕ್ಕದ ಬೆಂಚಿಗೆ ದಾಟಿರುತ್ತಿದ್ದರು. ಅರವತ್ತೆರಡು ಮಕ್ಕಳ ಕ್ಲಾಸಿನಲ್ಲಿ ಯಾರೂ ಕಾಯಲಾರರು. ಇತ್ತೀಚೆಗೆ ಅವಳು ಕೈಯೆತ್ತುವುದನ್ನೇ ಬಿಟ್ಟಿದ್ದಳು. ಪ್ರಗತಿ ಪತ್ರದಲ್ಲಿ 'ಶಾಂತ ಸ್ವಭಾವ' ಎಂದು ಬರೆದಿತ್ತು. ಅದನ್ನು ಓದಿ ತಾಯಿಗೆ ಮೈ ಉರಿದುಹೋಗಿತ್ತು.

ಇಪ್ಪತ್ತೇ ಮಕ್ಕಳ ಕ್ಲಾಸು. ಈ ಸುದ್ದಿ ಅಚ್ಚಾದರೆ ಇನ್ನೂರು ಅರ್ಜಿ ಬರುತ್ತವೆ. ಅಚ್ಚಾಗದಿದ್ದರೆ?

ಅವಳು ಕಾಗದವನ್ನು ಹರಿಯಲಿಲ್ಲ, ಎಸೆಯಲೂ ಇಲ್ಲ. 'ಮುಂದಿನ ವಾರ' ಎಂಬ ಚೀಟಿ ಅಂಟಿಸಿದ ಟ್ರೇಯಲ್ಲಿಟ್ಟಳು. ಖಾಲಿ ಉಳಿದ ಜಾಗಕ್ಕೆ ಚಿತ್ರಕಲಾ ಸ್ಪರ್ಧೆಯಲ್ಲಿ ಗೆದ್ದ ಬೆಕ್ಕಿನ ಚಿತ್ರವನ್ನು ಎರಡು ಕಾಲಮ್ಮಿಗೆ ಹಿಗ್ಗಿಸಿದಳು.

ಸಂಪಾದಕರು ಪುಟ ನೋಡಿ ಕನ್ನಡಕ ಏರಿಸಿದರು. "ಬೆಕ್ಕಿಗೆ ಇಷ್ಟು ಜಾಗವೇನಮ್ಮಾ?"

"ಮೊದಲ ಬಹುಮಾನ ಸಾರ್."

"ಪುಣ್ಯಕ್ಕೆ ಹುಲಿ ಬರೆದಿಲ್ಲ. ಪೂರ್ತಿ ಪುಟ ನೀನು ಕೊಟ್ಟುಬಿಡ್ತಿದ್ದೆ," ಎಂದು ಸಹಿ ಹಾಕಿದರು.

ಗುರುವಾರ ಊಟದ ಬಿಡುವಿನಲ್ಲಿ ಅವಳು ಶಾಲೆಗೆ ಹೋಗಿ ಮಗಳ ಅರ್ಜಿ ಕೊಟ್ಟು ಬಂದಳು. ಶುಕ್ರವಾರ ಸಂಜೆ ಬಟ್ಟೆ ತರಲು ಇಸ್ತ್ರಿ ಅಂಗಡಿಗೆ ಹೋದಾಗ ಅಲ್ಲಿಯ ಅಜ್ಜಿ ಎಂದಿನಂತೆ ಕೇಳಿದಳು, "ಈ ವಾರ ಬರೀ ಬೆಕ್ಕು ಹಾಕಿದ್ದೀಯಲ್ಲ, ಮಕ್ಕಳಿಗೇನೂ ಇಲ್ವಾ? ನಮ್ಮ ಮೊಮ್ಮಗಳದ್ದೂ ಐದು ಮುಗೀತು ನೋಡು." ಅಜ್ಜಿಯ ಮಗ, ಸೊಸೆ ದೂರದಲ್ಲಿ ಕಟ್ಟಡ ಕೆಲಸದಲ್ಲಿದ್ದರು; ಮೊಮ್ಮಗಳು ಇಸ್ತ್ರಿ ಮೇಜಿನ ಕೆಳಗೆ ಕೂತು ಓದಿಯೇ ಬೆಳೆದವಳು.

"ಏನೂ ಬಂದಿಲ್ಲ ಅಜ್ಜಿ. ಬಂದ್ರೆ ಹೇಳ್ತೀನಿ."

"ನೀನು ಹೇಳ್ದೆ ಇರ್ತೀಯಾ," ಎಂದಳು ಅಜ್ಜಿ, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತ.

ಶನಿವಾರ ಮಧ್ಯಾಹ್ನ ಅವಳು ಶಾಲೆಯ ಕಚೇರಿಗೆ ಹೋದಾಗ ಹೆಡ್‌ಮಿಸ್ ಅರ್ಜಿಗಳ ಕಟ್ಟಿಗೆ ದಾರ ಸುತ್ತುತ್ತಿದ್ದರು. ಕಟ್ಟು ತೀರಾ ತೆಳ್ಳಗಿತ್ತು. ಅವಳಿಗೆ ಒಳಗೊಳಗೇ ಖುಷಿಯಾಯಿತು.

"ಎಷ್ಟು ಬಂತು ಮೇಡಂ?"

"ಒಂಬತ್ತು."

"ಹಾಗಾದ್ರೆ ಚೀಟಿ ಎತ್ತೋ ಹಾಗಿಲ್ಲ."

"ಚೀಟಿ ಎಲ್ಲಿಂದ ಬಂತು? ತರಗತೀನೇ ಇಲ್ಲ." ಹೆಡ್‌ಮಿಸ್ ತಲೆ ಎತ್ತಲಿಲ್ಲ. "ಇಪ್ಪತ್ತು ತುಂಬದಿದ್ರೆ ಮಂಜೂರಾತಿ ವಾಪಸ್ ಅಂತ ಕಾಗದದಲ್ಲೇ ಬರೆದಿದ್ದೆನಲ್ಲ. ಕೊನೇ ಪ್ಯಾರಾದಲ್ಲಿ."

ಅವಳು ಓದದೆಯೇ ಗೀಟು ಎಳೆದಿದ್ದ ಪ್ಯಾರಾ.

"ನಿಮ್ಮ ಪತ್ರಿಕೇಲಿ ಬರಲೇ ಇಲ್ವಲ್ಲಮ್ಮ?"

"ಜಾಗ ಸಾಲಲಿಲ್ಲ ಮೇಡಂ."

ಹೆಡ್‌ಮಿಸ್ ಮೇಜಿನ ಮೇಲಿದ್ದ ಪತ್ರಿಕೆ ತೆಗೆದು ಎರಡನೇ ಪುಟ ಅವಳ ಕಡೆ ತಿರುಗಿಸಿದರು. ಬೆಕ್ಕು ಇಬ್ಬರನ್ನೂ ನೋಡುತ್ತಿತ್ತು. "ಮೀಸೆ ಚೆನ್ನಾಗಿ ಬಂದಿದೆ," ಎಂದರು. ಅವಳ ಮುಖ ನೋಡಿದರು, ಕಟ್ಟಿನ ಮೇಲ್ಗಡೆಯೇ ಇದ್ದ ಅವಳ ಮಗಳ ಅರ್ಜಿಯನ್ನೂ ನೋಡಿದರು. "ನಾನು ಇಲಾಖೆಗೆ ಪಟ್ಟಿ ಕಳಿಸೋದು ಸೋಮವಾರ ಮಧ್ಯಾಹ್ನ. ಅಲ್ಲಿವರೆಗೆ ಬಂದ ಅರ್ಜಿ ತಗೋತೀನಿ. ಇನ್ನೂ ಹನ್ನೊಂದು ಬೇಕು."

ಮುಂದಿನ ಪತ್ರಿಕೆ ಗುರುವಾರ. ಉಳಿದದ್ದು ಅವಳ ಎರಡು ಕಾಲು ಮಾತ್ರ.

ಅವಳು ಮನೆಗೆ ಬಂದು ಚಪ್ಪಲಿ ಬದಲಾಯಿಸುವಾಗ, ಲಿಫ್ಟ್ ರಿಪೇರಿ ಮಾಡುವ ಗಂಡ ವಿಷಯವೆಲ್ಲ ಕೇಳಿ ನಗಬೇಕೋ ಬೈಯಬೇಕೋ ತಿಳಿಯದೆ ನಿಂತ. "ಒಂದು ಸಾಲು ಹಾಕಿದ್ರೆ ಮುಗೀತಿತ್ತು. ಈಗ ಬಾಗಿಲು ಬಾಗಿಲು ತಟ್ತೀಯಾ?"

"ಗೊತ್ತಾಗಿದೆ, ನೀವು ಬೇರೆ ಗಾಯಕ್ಕೆ ಉಪ್ಪು ಸವರಬೇಡಿ."

ಐದನೇ ತರಗತಿಯ ಮಕ್ಕಳಿರುವ ಮನೆಗಳು ಅವಳಿಗೆ ಬಾಯಿಪಾಠವಾಗಿದ್ದವು; ಎಲ್ಲರ ಬಹುಮಾನ, ಅಂಕ ಅಚ್ಚು ಮಾಡಿದವಳು ಅವಳೇ ತಾನೆ. ಶನಿವಾರ ಸಂಜೆ ಹದಿನಾಲ್ಕು ಮನೆ, ಭಾನುವಾರ ಇಡೀ ದಿನ ಇಪ್ಪತ್ತೇಳು. ಕೆಲವರು ಕುಡಿಯಲು ನೀರು ಕೊಟ್ಟು ಕೂರಿಸಿದರು. ಕೆಲವರು ಅರ್ಧ ಬಾಗಿಲಲ್ಲೇ ಮಾತಾಡಿಸಿದರು.

"ನಿಜವಾದ ಸುದ್ದಿ ಆಗಿದ್ರೆ ಪೇಪರಲ್ಲಿ ಬರ್ತಿತ್ತಲ್ವಾ?" ಎಂದ ಗ್ಯಾರೇಜಿನವನು, ಎಣ್ಣೆ ಕೈ ಒರೆಸುತ್ತ. "ಯಾವುದಾದ್ರೂ ಟ್ಯೂಶನ್‌ನವರು ಕಮಿಷನ್ ಕೊಟ್ಟಿದ್ದಾರಾ ಪೇಪರಕ್ಕ?"

"ಇಲ್ಲಪ್ಪ. ನಂದೇ ತಪ್ಪು. ಬಿಟ್ಟುಹೋಯ್ತು."

'ಬಿಟ್ಟುಹೋಯ್ತು' ಎಂಬ ಮಾತನ್ನು ನಲವತ್ತೊಂದು ಬಾಗಿಲಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಅದು ನಾಲಿಗೆಗೆ ಒಗ್ಗಿಹೋಯಿತು. ಇಸ್ತ್ರಿ ಅಂಗಡಿಯಲ್ಲಿ ಮಾತ್ರ ಅದೂ ಬರಲಿಲ್ಲ. "ನಾಳೆ ಹನ್ನೆರಡರೊಳಗೆ ಅರ್ಜಿ ಕೊಡಿ ಅಜ್ಜಿ," ಎಂದಷ್ಟೇ ಹೇಳಿ ಕಾಗದ ಮೇಜಿನ ಮೇಲಿಟ್ಟಳು. ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಯಾವಾಗ ಬಂತು ಈ ಸುದ್ದಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅವಳು ಲೆಕ್ಕ ಹಾಕಿದ್ದು ಹನ್ನೊಂದಕ್ಕೆ. ಆದರೆ ಕೇಳಿದವರು ತಂಗಿಗೆ ಹೇಳಿದರು, ತಂಗಿ ಓರಗಿತ್ತಿಗೆ ಹೇಳಿದಳು. ಸೋಮವಾರ ಹನ್ನೆರಡಕ್ಕೆ ಶಾಲೆಯ ಹಾಲ್‌ನಲ್ಲಿ ಮೂವತ್ತನಾಲ್ಕು ಅರ್ಜಿಗಳಿದ್ದವು. ಹೆಡ್‌ಮಿಸ್ ಮೂವತ್ತನಾಲ್ಕು ಚೀಟಿ ಮಡಚಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕುಲುಕಿದರು.

ಮಗಳು ಪಕ್ಕದಲ್ಲಿ ಕೂತು ಹಾಲ್ ತುಂಬ ಕಣ್ಣಾಡಿಸಿದಳು. "ಅ-ಅಮ್ಮ, ಇವರಿಗೆಲ್ಲ ನೀ-ನೀನೇ ಹೇಳಿದ್ದಾ?"

"ಹೂಂ."

"ಮ-ಮತ್ತೆ ನಂದು ಬ-ಬರದಿದ್ರೆ?"

ಅವಳು ಮಗಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದಳು. ಅದು ಬಿಗಿಯಾಗಿಯೇ ಇತ್ತು.

ಗ್ಯಾರೇಜಿನವನ ಮಗನ ಹೆಸರು ಮೂರನೆಯದಾಗಿ ಬಂತು. ಅಪ್ಪ ಹಾಲ್ ಬಿರಿಯುವಂತೆ ಶಿಳ್ಳೆ ಹಾಕಿ ಬೈಸಿಕೊಂಡ. ಇಸ್ತ್ರಿ ಅಜ್ಜಿಯ ಮೊಮ್ಮಗಳದ್ದು ಹದಿಮೂರನೆಯದು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆಮೇಲೆ ಕಾಯುವ ಪಟ್ಟಿಯ ಐದು ಚೀಟಿ ಎತ್ತಿದರು. ಮಗಳ ಹೆಸರು ಅದರಲ್ಲಿ ನಾಲ್ಕನೆಯದಾಗಿ ಬಂತು. "ನಾ-ನಾಲ್ಕು," ಎಂದಳು ಮಗಳು, ಯಾರೋ ಪ್ರಶ್ನೆ ಕೇಳಿದ್ದಾರೆ ಎಂಬಂತೆ.

ಆಯ್ಕೆಯಾದವರು ಅಲ್ಲೇ ಪ್ರವೇಶ ಪತ್ರ ತುಂಬಬೇಕಿತ್ತು. ಅವಳು ಮಗಳ ಕೈ ಹಿಡಿದು ಎದ್ದು ಬಾಗಿಲ ಕಡೆ ಹೊರಟಾಗ ಅಜ್ಜಿ ಅಡ್ಡ ಬಂದಳು.

"ಕನ್ನಡಕ ಅಂಗಡೀಲೇ ಬಿಟ್ಟು ಬಂದೆ. ನೀನೇ ಬರೆದುಕೊಡಮ್ಮ. ನಿನ್ನ ಅಕ್ಷರ ಎಲ್ಲರಿಗೂ ಗೊತ್ತು."

ಅವಳು ಬೆಂಚಿನ ಮೇಲೆ ಕೂತು ಬರೆದಳು. ಹುಡುಗಿಯ ಹೆಸರು, ಹುಟ್ಟಿದ ದಿನ, ತಂದೆ, ತಾಯಿ, ವಿಳಾಸ, ರಕ್ತದ ಗುಂಪು. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು.

"ಏನು ಕೇಳ್ತಿದ್ದಾರೆ?" ಎಂದಳು ಅಜ್ಜಿ.

"ಈ ತರಗತಿಯ ವಿಷಯ ನಿಮಗೆ ಹೇಗೆ ತಿಳಿಯಿತು ಅಂತ. ಪತ್ರಿಕೆ, ಶಾಲೆಯ ಫಲಕ, ಪರಿಚಿತರು, ಇತರೆ. ಒಂದಕ್ಕೆ ಗುರುತು ಹಾಕಬೇಕು."

"ಪತ್ರಿಕೆ ಅಂತ ಹಾಕು. ನಿಮ್ಮ ಪೇಪರಿಗೂ ಒಂದು ಹೆಸರು ಬರ್ಲಿ."

ಅವಳು ಅಜ್ಜಿಯ ಮುಖ ನೋಡಿದಳು. ಅಲ್ಲಿ ಓದುವಂಥದ್ದೇನೂ ಇರಲಿಲ್ಲ. ಮಗಳು ಭುಜದ ಮೇಲಿಂದ ಬಗ್ಗಿ ಹಾಳೆಯನ್ನೇ ನೋಡುತ್ತಿದ್ದಳು. ಪೆನ್ನು ಮೊದಲ ಚೌಕದ ಮೇಲೆ ಸ್ವಲ್ಪ ಹೊತ್ತು ನಿಂತು, ಎರಡನೆಯದನ್ನು ದಾಟಿ, ಮೂರನೆಯದರಲ್ಲಿ ಗುರುತು ಹಾಕಿತು.

"ಆಯ್ತಾ?"

"ಆಯ್ತು ಅಜ್ಜಿ."

ಅಜ್ಜಿ ಹಾಳೆ ತೆಗೆದುಕೊಂಡಳು. ಬಿಸಿಗೆ ಗಟ್ಟಿಯಾದ ಬೆರಳುಗಳಲ್ಲಿ ಅದರ ಎರಡು ಅಂಚು ಹಿಡಿದು, ಶಾಯಿ ಆರಲೆಂದು, ಮೇಲಿನ ಸಾಲಿನಿಂದ ಕೆಳಗಿನವರೆಗೆ ಮೆಲ್ಲಗೆ ಊದಿದಳು.