ಬೊಂಬಾಯಿಯ ಸೀಟು

ಹೊನ್ನಾಳಿಯ ದಸರಾ ವಸ್ತುಪ್ರದರ್ಶನದಲ್ಲಿ ಆಗ ಸಣ್ಣ ಕಾರಿನ ಸ್ಪರ್ಧೆ ಅಂತ ಒಂದಿತ್ತು. ನಿಜವಾದ ಕಾರನ್ನು ಅಳೆದು, ಅಡಿಗೆ ಒಂದು ಇಂಚಿನಂತೆ ಕುಗ್ಗಿಸಿ, ಕೈಯಾರೆ ಮಾಡಿ ತರಬೇಕು. ಆಟದ ಸಾಮಾನು ಅಂತ ನಗಬೇಡಿ. ಮೀಸೆ ಬಂದ ಗಂಡಸರು ಇದರ ಹುಚ್ಚಿಗೆ ಬಿದ್ದು ಊಟ ಮರೆಯುತ್ತಿದ್ದರು. ಅಂಥವರಲ್ಲಿ ಪಾಪಣ್ಣನೂ ಒಬ್ಬ. ಊರು ಚನ್ನಗಿರಿ, ಹೊನ್ನಾಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ, ಬಾಡಿಗೆಗೆ ಒಂದು ಕೋಣೆ.

ಎಂಬತ್ತೆರಡನೇ ಇಸವಿಯಲ್ಲಿ ಅವನ ಅಂಬಾಸಿಡರ್ ಕಾರಿಗೆ ಮೂರನೇ ಬಹುಮಾನ ಬಂತು. ಬಂದಿದ್ದದ್ದೇ ನಾಲ್ಕು ಕಾರು ಅನ್ನುವುದನ್ನು ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ತೀರ್ಪುಗಾರರು ನ್ಯಾಮತಿಯ ನಿವೃತ್ತ ಡ್ರಾಯಿಂಗ್ ಮಾಸ್ತರು ವಿರೂಪಾಕ್ಷಪ್ಪನವರು. ಆ ಮನುಷ್ಯ ಕಾರಿನ ಅಂದ ನೋಡುತ್ತಲೇ ಇರಲಿಲ್ಲ. ಬಾಗಿಲ ಸಂದಿಗೆ ಪೋಸ್ಟ್ ಕಾರ್ಡು ತೂರಿಸಿ ನೋಡುವರು, ಒಂದು ಕಡೆ ಹೋಗಿ ಇನ್ನೊಂದು ಕಡೆ ಸಿಕ್ಕಿಕೊಂಡರೆ ಮುಗಿಯಿತು. ಕಾರಿನ ಕೆಳಗೆ ಕನ್ನಡಿ ಹಿಡಿದು ಹೊಟ್ಟೆ ನೋಡುವರು. ಪಾಪಣ್ಣನ ಕಾರನ್ನು ನೋಡಿ, ಬಣ್ಣವನ್ನು ಸಗಣಿ ಸಾರಿಸಿದ ಹಾಗೆ ಬಳಿದಿದ್ದೀರಿ, ನಾಲ್ಕು ಚಕ್ರದಲ್ಲಿ ಮೂರೇ ನೆಲ ಮುಟ್ಟುತ್ತಿವೆ, ಅಂದರು. ಹೆಚ್ಚು ಹೆಚ್ಚು ಅಂಟಿಸಿದರೆ ಅಂಕ ಬರುವುದಿಲ್ಲ, ಮಾಡಿದಷ್ಟನ್ನು ಹಸನಾಗಿ ಮಾಡಬೇಕು ಅಂತಲೂ ಹೇಳಿದರು.

ಪಾಪಣ್ಣ ಆ ಮಾತನ್ನು ವರ್ಷವಿಡೀ ಜಪ ಮಾಡಿದ. ಮೊದಲ ಬಹುಮಾನದ ಕಾರನ್ನು ಮುಂದಿನ ದಸರಾವರೆಗೆ ಊರಿನ ವಾಚನಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಮಾಡಿದವರ ಹೆಸರನ್ನು ದಪ್ಪಕ್ಷರದಲ್ಲಿ ಬರೆಸುತ್ತಿದ್ದರು. ಕಚೇರಿಯಲ್ಲಿ ಅವನನ್ನು 'ಏ, ಆ ಫೈಲು ತಾರಪ್ಪ' ಅನ್ನುವವರೇ ಎಲ್ಲ. ಅವರೆಲ್ಲ ಪೇಪರ್ ಓದಲು ಹೋದಾಗ ತನ್ನ ಹೆಸರನ್ನು ಓದಲಿ ಅನ್ನುವುದೇ ಅವನ ಆಸೆ. ಡಾಲ್ಡಾ ಡಬ್ಬಿಯ ತಗಡನ್ನು ಬಿಚ್ಚಿ, ತಟ್ಟಿ, ಹೊಸ ಕಾರು ಕಟ್ಟಿದ. ಊರಿನ ಡಾಕ್ಟರ ಕಾರಿನ ಸುತ್ತ ದಾರ ಹಿಡಿದು ಅಳೆದ. ಬಣ್ಣವನ್ನು ಹಳೆಯ ಪಂಚೆಯಲ್ಲಿ ಸೋಸಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಹಾಕಿಕೊಂಡು ತೆಳ್ಳಗೆ ಆರು ಸಲ ಬಳಿದ. ಗಾಜಿನ ಮೇಲೆ ಇಟ್ಟು ನಾಲ್ಕೂ ಚಕ್ರ ಕೂರುವವರೆಗೆ ಅಚ್ಚನ್ನು ತಿದ್ದಿದ. ಆದರೆ ಸೀಟು ಮಾತ್ರ ಅವನ ಕೈಗೆ ಬಗ್ಗಲಿಲ್ಲ. ಬಟ್ಟೆ ಹೊಲಿದರೆ ಉಬ್ಬುತ್ತಿತ್ತು, ರೆಕ್ಸಿನ್ ಹಾಕಿದರೆ ಮಡಿಚುತ್ತಿರಲಿಲ್ಲ.

ಒಂದು ಭಾನುವಾರ ಕಾರನ್ನು ಚನ್ನಗಿರಿಗೆ ಒಯ್ದು ಮನೆಯಲ್ಲಿ ತೋರಿಸಿದ. ಅವನ ಅಪ್ಪ ಹನುಮಂತಪ್ಪ ಅದನ್ನು ಬೆಳಕಿಗೆ ಹಿಡಿದು, ಒಳಗೆ ಒಂದು ಕಣ್ಣಿಟ್ಟು ನೋಡಿ, ಇದೇನಲೇ, ಸೀಟೋ ದಿಂಬೋ ಅಂತ ನಕ್ಕ. ಹನುಮಂತಪ್ಪ ಚನ್ನಗಿರಿ ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ಮೂವತ್ತೈದು ವರ್ಷದಿಂದ ಮೆಟ್ಟು ಹೊಲಿಯುತ್ತಿದ್ದವನು. ಪಾಪಣ್ಣ ಓದಿದ್ದು, ನೌಕರಿ ಹಿಡಿದದ್ದು, ಎಲ್ಲ ಆ ಮರದ ನೆರಳಿನಿಂದ. ಆದರೆ ಹೊನ್ನಾಳಿಗೆ ಬಂದ ಹೊಸದರಲ್ಲಿ ಕಚೇರಿಯ ಹೆಡ್ ಗುಮಾಸ್ತ ಯರ್ರಿಸ್ವಾಮಿ, ನಿಮ್ಮ ತಂದೆ ಏನು ಮಾಡ್ತಾರೆ ಅಂತ ಕೇಳಿದಾಗ, ಈ ಪುಣ್ಯಾತ್ಮ, ಜಮೀನು ನೋಡ್ಕೊಂಡಿದ್ದಾರೆ ಅಂದುಬಿಟ್ಟಿದ್ದ. ಅವರಿಗೆ ಜಮೀನೂ ಇರಲಿಲ್ಲ, ಒಂದು ಬದುವೂ ಇರಲಿಲ್ಲ. ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ, ನಾಲ್ಕು ವರ್ಷದಿಂದ ಸಾಕುತ್ತಿದ್ದ.

ಸೀಟು ನಾನು ಮಾಡಿಕೊಡ್ತೀನಿ ಅಂದ ಹನುಮಂತಪ್ಪ. ಆಡಿನ ಚರ್ಮದ ತುಂಡು ತಂದು, ಕಲ್ಲಿನ ಮೇಲೆ ಹಾಸಿ, ರಂಪಿಗೆಯಿಂದ ಹೆರೆದು ಹೆರೆದು ವೀಳ್ಯದೆಲೆಯಷ್ಟು ತೆಳ್ಳಗೆ ಮಾಡಿದ. ಅರವತ್ತು ದಾಟಿದ ಕಣ್ಣು, ಮಧ್ಯಾಹ್ನದ ಬೆಳಕಿನಲ್ಲಿ ಮಾತ್ರ ಸೂಜಿ ಕಾಣುತ್ತಿತ್ತು. ಆ ಹೊತ್ತಿಗೆ ಬಂದ ಗಿರಾಕಿಗಳನ್ನು ಸಂಜೆ ಬರ್ರಿ ಅಂತ ಕಳಿಸುತ್ತಿದ್ದ. ಈ ಮುದುಕನಿಗೆ ಏನಾಗೈತೆ, ಗೊಂಬೆ ಆಟ ಹಿಡಿದೈತೆ ಅಂತ ಹೆಂಡತಿ ಉಡಚಮ್ಮ ಬೈದದ್ದೇ ಬೈದದ್ದು. ಎರಡು ತಿಂಗಳು ಹಿಡಿಯಿತು. ಮುಂದಿನ ಸೀಟು, ಹಿಂದಿನ ಸೀಟು, ಅಂಚಿಗೆ ದಾರದಂಥ ಮಡಿಕೆ, ಒರಗುವ ಜಾಗದಲ್ಲಿ ಸಾಲು ಸಾಲು ಹೊಲಿಗೆ, ಇರುವೆ ಸಾಲು ನೋಡಿದಂತೆ.

ಸ್ಪರ್ಧೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹನುಮಂತಪ್ಪನೇ ಹೊನ್ನಾಳಿಗೆ ಬಂದಿಳಿದ. ಸೀಟನ್ನು ಕೈವಸ್ತ್ರದಲ್ಲಿ ಸುತ್ತಿ ತಂದಿದ್ದ, ಎಲ್ಲಾದರೂ ಅಂಟು ಬಿಟ್ಟರೆ ಇರಲಿ ಅಂತ ತನ್ನ ಸಾಮಾನಿನ ಚೀಲವನ್ನೂ ತಂದಿದ್ದ. ಸೀಟು ಕಾರಿನೊಳಗೆ ಕೂತದ್ದು ನೋಡಿ ಪಾಪಣ್ಣನಿಗೆ ಮೈ ಜುಮ್ಮೆಂದಿತು. ಅಪ್ಪನನ್ನು ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿಸಬೇಕು ಅಂತ ಅವನ ಲೆಕ್ಕ. ಮುದುಕ, ಇಷ್ಟು ದೂರ ಬಂದೀನಿ, ನಾನೂ ನೋಡ್ತೀನಿ ಅಂದ. ಬೇಡ ಅನ್ನಲು ಬಾಯಿ ಬರಲಿಲ್ಲ. ಒಳಗೆ ಜನ ಜಾಸ್ತಿ, ನೀನು ಆ ಕಂಬದ ಹತ್ತಿರ ನಿಂತ್ಕೋ ಅಂದ. ಹನುಮಂತಪ್ಪ ತಲೆಯಾಡಿಸಿ, ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕಂಬದ ಹತ್ತಿರವೇ ನಿಂತ.

ಅರ್ಜಿಯಲ್ಲಿ ಒಂದು ಕಲಮು ಇತ್ತು. ಮನೆಯವರು ಕೈಜೋಡಿಸಿದ್ದರೆ ಅವರ ಹೆಸರು, ಸಂಬಂಧ, ಕಸುಬು ಬರೆಯಬೇಕು. ಅದಕ್ಕೆ ಅಂಕವೇನೂ ಕಡಿಮೆಯಾಗುತ್ತಿರಲಿಲ್ಲ. ಕೊಂಡು ತಂದ ಸಾಮಾನಿಗೆ ಮಾತ್ರ ಸೊನ್ನೆ. ಪಾಪಣ್ಣ ಕಸುಬು ಅನ್ನುವ ಜಾಗ ನೋಡಿ, ಪೆನ್ನು ಎತ್ತಿ, ಹೆಸರನ್ನೂ ಬರೆಯದೆ ಆ ಸಾಲನ್ನೇ ಖಾಲಿ ಬಿಟ್ಟಿದ್ದ.

ವಿರೂಪಾಕ್ಷಪ್ಪನವರು ಬಂದರು. ಪೋಸ್ಟ್ ಕಾರ್ಡು ನಾಲ್ಕೂ ಬಾಗಿಲಲ್ಲಿ ಸಲೀಸಾಗಿ ಹೋಗಿ ಬಂತು. ಕನ್ನಡಿ ಹಿಡಿದು ಹೊಟ್ಟೆ ನೋಡಿ ಹೂಂಗುಟ್ಟಿದರು. ಆಮೇಲೆ ಕಾರಿನೊಳಗೆ ಬೆರಳು ಹಾಕಿ ಸೀಟನ್ನು ಸವರಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಸವರಿದರು. ಇದು ರೆಕ್ಸಿನ್ ಅಲ್ಲ, ಚರ್ಮ, ಅಂದರು. ಸುತ್ತ ಜನ ಸೇರಿತು. ಕಚೇರಿಯ ಯರ್ರಿಸ್ವಾಮಿಯೂ ಪಾಪಣ್ಣನ ಹೆಗಲ ಹತ್ತಿರವೇ ಬಂದು ನಿಂತ.

“ಇದನ್ನು ಯಾರು ಮಾಡಿದ್ದು?” ಅಂತ ಕೇಳಿದರು ಮಾಸ್ತರು.

ಎರಡೇ ಎರಡು ಮಾತು, ನಮ್ಮಪ್ಪ ಸಾರ್ ಅಂದಿದ್ದರೆ ಮುಗಿದುಹೋಗುತ್ತಿತ್ತು. ಕಂಬದ ಹತ್ತಿರ ಅಪ್ಪ ತುದಿಗಾಲಲ್ಲಿ ನಿಂತು ಕತ್ತು ಚಾಚಿ ಕಾಯುತ್ತಿದ್ದ. ಪಾಪಣ್ಣನ ಕಣ್ಣು ಅವನ ಮೇಲೆ ಹೋಯಿತು, ಕಾಲ ಬಳಿಯ ಚೀಲದ ಮೇಲೆ ಹೋಯಿತು, ಯರ್ರಿಸ್ವಾಮಿಯ ಮುಖದ ಮೇಲೆ ಹೋಯಿತು. ನಾಲಿಗೆಗೆ ಎಲುಬಿಲ್ಲ ನೋಡಿ, ಎತ್ತ ಬೇಕಾದರೂ ಹೊರಳುತ್ತದೆ.

“ಬೊಂಬಾಯಿಯಿಂದ ತರಿಸಿದ್ದು ಸಾರ್.”

ಮಾಸ್ತರ ಮುಖ ಸಪ್ಪಗಾಯಿತು. ಬೊಂಬಾಯಿಯವರದೇ ಇರಬೇಕು, ಈ ಸೀಮೆಯಲ್ಲಿ ಇಂಥ ಕೈ ಯಾರಿಗಿದೆ ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ ಪೆನ್ಸಿಲ್ ತೆಗೆದರು. ಆದರೆ ಬರೆಯಲಿಲ್ಲ. ಕಂಬದ ಹತ್ತಿರ ನಿಂತ ಮುದುಕ ಎಲ್ಲರಂತೆ ಕಾರು ನೋಡದೆ ಸೀಟೊಂದನ್ನೇ ನೋಡುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಅವನ ಎಡಗೈ ಹೆಬ್ಬೆರಳು ಮೇಣದ ದಾರ ಎಳೆದೆಳೆದು ಕಪ್ಪಾಗಿತ್ತು. ಮಾಸ್ತರು ಅವನತ್ತ ತಿರುಗಿದರು.

“ಯಜಮಾನ್ರೇ, ಈ ಕೆಲಸದ ಗುರ್ತು ನಿಮಗಿರೋ ಹಂಗೆ ಕಾಣ್ತದೆ. ಇವರು ನಿಮ್ಮೋರೇನು?”

ಹನುಮಂತಪ್ಪ ಮಗನ ಮುಖವನ್ನು ಒಂದೇ ಒಂದು ಸಲ ನೋಡಿದ. ಪಾಪಣ್ಣ ಕಾರಿನ ಮೇಲಿನ ಇಲ್ಲದ ಧೂಳು ಒರೆಸುತ್ತಿದ್ದ.

“ಅಲ್ಲ ಸ್ವಾಮಿ. ನಾನು ಸುಮ್ಮನೆ ನೋಡಾಕೆ ಬಂದೋನು.”

ಅಷ್ಟು ಹೇಳಿ ಚೀಲ ಎತ್ತಿಕೊಂಡು ಪಕ್ಕದ ಮೇಜಿನ ಕಡೆ ಹೋದ. ಅಲ್ಲಿ ಜಗಳೂರಿನ ಫೋಟೋ ಸ್ಟುಡಿಯೋ ಬಂಗಾರಪ್ಪನ ಜೀಪು ಇತ್ತು, ಅದನ್ನು ಬಹಳ ಹೊತ್ತು ನೋಡುತ್ತಾ ನಿಂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪಾಪಣ್ಣನಿಗೆ. ಮಾಸ್ತರು ಇನ್ನೂ ಎದುರಿಗೇ ಇದ್ದರು, ಪೆನ್ಸಿಲ್ ಇನ್ನೂ ಕಾಗದ ಮುಟ್ಟಿರಲಿಲ್ಲ. ಈಗಲಾದರೂ ಹೇಳು, ಹೇಳೋ ಹೇತ್ಲಾಂಡಿ ಅಂತ ಅವನ ಜೀವವೇ ಅವನನ್ನು ಉಗಿಯುತ್ತಿತ್ತು. ಆದರೆ ಈಗ ಹೇಳಿದರೆ ತಾನೂ ಸುಳ್ಳುಗಾರ, ಅಪ್ಪನೂ ಸುಳ್ಳುಗಾರ. ಹೀಗೊಂದು ನೆಪ ಸಿಕ್ಕಿದ್ದೇ ಸಾಕಾಯಿತು ಅವನಿಗೆ, ಬಾಯಿ ಮುಚ್ಚಿಕೊಂಡ. ಮಾಸ್ತರು ಸೀಟಿನ ಸಾಲಿಗೆ ಸೊನ್ನೆ ಸುತ್ತಿ ಮುಂದೆ ಹೋದರು.

ಬಂಗಾರಪ್ಪನ ಜೀಪು ಮೊದಲು ಬಂತು. ಅದರ ಸೀಟು ಬರೀ ಖಾಕಿ ಬಟ್ಟೆ, ಆದರೆ ಅವನ ಹೆಂಡತಿ ಹುಲಿಗೆಮ್ಮ ಹೊಲಿದದ್ದು ಅಂತ ಅರ್ಜಿಯಲ್ಲಿ ಬರೆದಿದ್ದ. ವೇದಿಕೆಯ ಮೇಲೆ ಅವಳ ಹೆಸರನ್ನೂ ಕೂಗಿದರು. ಪಾಪಣ್ಣನದು ಎರಡನೆಯದು, ಮೂರು ಅಂಕದಲ್ಲಿ ಹೋಯಿತು. ಸೀಟಿಗೆ ಇದ್ದದ್ದು ಹತ್ತು ಅಂಕ. ಚಪ್ಪಾಳೆಯಲ್ಲಿ ಬಹುಮಾನದ ಸ್ಟೀಲ್ ತಟ್ಟೆ ಇಸಿದುಕೊಳ್ಳುವಾಗ ಅವನಿಗೆ ಮೊದಲ ಸ್ಥಾನ ಹೋದದ್ದರ ದುಃಖ ಒಂದಿಷ್ಟೂ ಇರಲಿಲ್ಲ. ಕಸುಬಿಗೆ ನಾಚಿದವನಿಗೆ ಈಗ ತನ್ನ ಮುಖಕ್ಕೇ ನಾಚಿಕೆಯಾಗುತ್ತಿತ್ತು.

ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಚನ್ನಗಿರಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತಿದ್ದ. ಮರುದಿನ ಭಾನುವಾರ, ಅವ್ವನಿಗೆ ಸೀಟು ಕೂರಿಸಿದ ಕಾರು ತೋರಿಸುವ ಮಾತು ಮೊದಲೇ ಆಗಿತ್ತು. ಪಾಪಣ್ಣ ಕಾರಿನ ಪೆಟ್ಟಿಗೆ ಹಿಡಿದು ಹತ್ತಿದ. ಹತ್ತಿ ನೋಡಿದರೆ ಮುಂದೆ ಯರ್ರಿಸ್ವಾಮಿ, ಹೆಂಡತಿಯ ಊರಿಗೆ ಹೊರಟವನು. ಬಾರಪ್ಪ ಬೊಂಬಾಯಿ ಸಾಹುಕಾರ, ಇಲ್ಲಿ ಕೂತ್ಕೋ ಅಂತ ಜಾಗ ಬಿಟ್ಟ. ಪಾಪಣ್ಣ ಕೂರಲಿಲ್ಲ, ಹಿಂದೆ ಅಪ್ಪನ ಹತ್ತಿರವೂ ಹೋಗಲಿಲ್ಲ, ಕಂಬಿ ಹಿಡಿದು ನಡುವೆ ನಿಂತ.

ಕಂಡಕ್ಟರ್ ಹಿಂದಿನಿಂದ ಟಿಕೆಟ್ ಕೊಡುತ್ತಾ ಬಂದ. ಮಗನ ಜೊತೆ ಬಸ್ಸು ಹತ್ತಿದಾಗ ಎರಡು ಕೊಡ್ರಿ ಅಂತ ಜಂಬದಿಂದ ಹೇಳುವ ಹನುಮಂತಪ್ಪ ಈ ಸಲ ಯರ್ರಿಸ್ವಾಮಿಯ ತಲೆಯನ್ನು ನೋಡಿ, ದನಿ ತಗ್ಗಿಸಿದ.

“ಒಂದು ಚನ್ನಗಿರಿ. ನಾನೊಬ್ನೇ.”

ಕಂಡಕ್ಟರ್ ಹರಿದು ಕೊಟ್ಟ. ಆ ಟಿಕೆಟ್ಟಿನ ಚೂರು ಹರಿದ ಸದ್ದಿಗೆ ಪಾಪಣ್ಣನೊಳಗೆ ಏನೋ ಕಿತ್ತು ಬಂತು. ಅವನು ಬಸ್ಸೆಲ್ಲ ಕೇಳುವಂತೆ ಹೇಳಿದ.

“ಅವರೊಬ್ರೇ ಅಲ್ಲ. ಅವರು ನಮ್ಮಪ್ಪ. ಈ ಕಾರಿನ ಸೀಟು ಮಾಡಿದ್ದು ಅವರೇ, ಚನ್ನಗಿರಿ ಬಸ್ ಸ್ಟ್ಯಾಂಡಿನಾಗೆ ಮೆಟ್ಟು ಹೊಲೀತಾರೆ.”

ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಆಯ್ತು ಬಿಡ್ರಿ, ನಿಮ್ದು ಎಲ್ಲಿಗೆ, ಚಿಲ್ಲರೆ ಕೊಡ್ರಿ ಅಂದ. ಯರ್ರಿಸ್ವಾಮಿ ಒಮ್ಮೆ ತಿರುಗಿ ನೋಡಿ, ಹೌದಾ ಅಂದು, ಕಿಟಕಿಯಾಚೆ ನೋಡತೊಡಗಿದ. ಅಷ್ಟೇ. ನಾಲ್ಕು ವರ್ಷದಿಂದ ಹೆದರಿ ಬೆವರಿದ್ದ ಮಾತು ಅಷ್ಟಕ್ಕೇ ಮುಗಿಯಿತು. ಇಷ್ಟು ಅಗ್ಗದ ಮಾತನ್ನು ಹೇಳಬೇಕಾದ ಕಡೆ ಹೇಳದೆ, ಕಂಡಕ್ಟರನ ಮುಂದೆ ಒದರಿದೆನಲ್ಲ ಅಂತ ಪಾಪಣ್ಣನಿಗೆ ಮತ್ತಷ್ಟು ಹೇಸಿಗೆಯಾಯಿತು.

ಹನುಮಂತಪ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ. ಪಾಪಣ್ಣ ಹೋಗಿ ಕೂತ. ತಪ್ಪಾಯ್ತು ಅಪ್ಪಾ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮುದುಕ ಅವನ ಕಿವಿಯ ಹತ್ತಿರ ಬಾಗಿದ.

“ಅಲ್ಲಲೇ, ಆ ಮಾಸ್ತರು ಅದನ್ನ ಬೊಂಬಾಯಿದೇ ಅಂತ ಖರೇನೂ ನಂಬಿದ್ರಾ?”

“ಹೂಂ ಅಪ್ಪಾ. ಈ ಸೀಮೇನಾಗೆ ಇಂಥ ಕೈ ಯಾರಿಗೂ ಇಲ್ಲ ಅಂದ್ರು.”

“ಹಂಗಂದ್ರಾ!” ಅಂದ ಹನುಮಂತಪ್ಪ. ಅವನ ಮುಖವೆಲ್ಲ ನಗುವಾಯಿತು. ಆ ನಗೆಯಲ್ಲಿ ಕೊಂಕೂ ಇರಲಿಲ್ಲ, ನೋವನ್ನು ಮುಚ್ಚುವ ಜಾಣತನವೂ ಇರಲಿಲ್ಲ. ಬರೀ ಸಂತೋಷ. ದಾರಿಯಲ್ಲಿ ಇನ್ನೆರಡು ಸಲ ಆ ಮಾತನ್ನೇ ಕೇಳಿ ಹೇಳಿಸಿಕೊಂಡ. ಪ್ರತಿ ಸಲವೂ ಪಾಪಣ್ಣ ಹೇಳಿದ, ಆದರೆ ಚನ್ನಗಿರಿ ಬರುವವರೆಗೂ ತಲೆ ಎತ್ತಿ ಅಪ್ಪನ ಮುಖ ನೋಡಲು ಅವನಿಂದ ಆಗಲಿಲ್ಲ.