ಹೆಬ್ಬೆಟ್ಟು ಒತ್ತಿದ ಬೇರು

ಆಸಿಡ್ಡಿನ ವಾಸನೆ ಮೂಗಿಗೆ ಹತ್ತಿದ ಹೊತ್ತಿಗೇ ಊಟದ ಬೆಲ್ಲು, ಮೇಡಮ್ ಊಟಕ್ಕೆ ಹೋಗಲ್ವಾ, ಬಾಗಿಲಲ್ಲಿ ಅಟೆಂಡರ್ ಜಯದೇವಪ್ಪ, ನೀವು ಹೋಗಿ, ಒಂದು ಸ್ಲೈಡ್ ನೋಡಿ ಬರ್ತೀನಿ ಅಂದೆ, ಈ ಕಾಲೇಜಲ್ಲಿ ಸ್ಲೈಡಿಗೋಸ್ಕರ ಊಟ ಬಿಟ್ಟೋರನ್ನ ಇವತ್ತೇ ಕಣ್ರೀ ನೋಡಿದ್ದು, ನಕ್ಕು ಹೋದ, ಕಿಟಕಿಯಲ್ಲಿ ತರೀಕೆರೆ ಬಸ್ಸುಗಳ ಹಾರನ್ ಸದ್ದು ಉಳಿಯಿತು — ಗಾಜಿನ ಮೇಲೆ ಬ್ಲೇಡಿನಿಂದ ತೆಳ್ಳಗೆ ಹೆರೆದ ಬೇರಿನ ಪದರ, ನಮ್ಮೂರು ಯಗಟಿಯಲ್ಲಿ ಅಮ್ಮನ ಬಿಸ್ಕತ್ತು ಡಬ್ಬಿಯಲ್ಲಿ ಉಳಿದಿದ್ದ ಒಂದೇ ಬಿಲ್ಲೆ, ಅವಳು ಹಿತ್ತಿಲಲ್ಲಿದ್ದಾಗ ಕದ್ದದ್ದು — ಮೊದಲು ಫ್ಲೋರೊಗ್ಲುಸಿನಾಲ್, ಆಮೇಲೆ ಆಸಿಡ್ಡು, ಮೂರು ನಿಮಿಷ ಕಾಯಿರಿ, ಜೀವಕೋಶದ ಗೋಡೆಯಲ್ಲಿ ಲಿಗ್ನಿನ್ ಇದ್ದರೆ ಕೆಂಪಾಗುತ್ತದೆ, ಸೆಲ್ಯುಲೋಸ್ ಇಟ್ಟಿಗೆ, ಲಿಗ್ನಿನ್ ಸಿಮೆಂಟು, ಬರ್ಕೊಳ್ರಿ, ಕ್ಲಾಸಿನಲ್ಲಿ ಪ್ರತಿವರ್ಷ ಇದೇ ಜೋಕು, ಪ್ರತಿವರ್ಷ ಯಾರೂ ನಗುವುದಿಲ್ಲ. ಶತಾವರಿಯಲ್ಲಿ, ನಮ್ಮವರು ಹಲವು ಮಕ್ಕಳ ತಾಯಿ ಬೇರು ಅನ್ನುವುದರಲ್ಲಿ, ಸಿಮೆಂಟು ಉಂಟು, ಕಲ್ಲುಕೋಶಗಳ ಕೆಂಪು ಉಂಗುರ. ಗೌರಿಹೂವಿನ ಗೆಡ್ಡೆಯಲ್ಲಿ ಗೋಡೆ ತೆಳು, ಒಳಗೆ ಬರೀ ಹಿಟ್ಟು, ಹಿಟ್ಟು ಮತ್ತು ವಿಷ — ಸಿಪ್ಪೆ ಹೆರೆದು ಬಿಲ್ಲೆ ಮಾಡಿ ಒಣಗಿಸಿದರೆ ಎರಡೂ ಬಿಳಿ. ಕೆಂಪಾಗು, ಕೆಂಪಾಗೇ ತಾಯಿ.

ಲೇ ಮಾಲಿನಿ, ಹಲವು ಮಕ್ಕಳ ತಾಯಿ ಬೇರು ಅಂತ ಕೊಟ್ಟವ್ನೆ ನಾಟಿ ಔಷ್ದಿ ಈರಪ್ಪ, ಹೆಬ್ಬೆ ಕಡೆ ಕಾಡಿಂದ ತಂದಿದ್ದಂತೆ, ಹೌದೇನೇ ನೋಡು, ಬಸುರಿಗೆ ಕೊಡೋದು — ಹೋದ ತಿಂಗಳು ಅಮ್ಮನ ವಾಯ್ಸ್ ಮೆಸೇಜು, ಹಿಂದೆಯೇ ಫೋಟೋ, ಸ್ಟೀಲಿನ ತಟ್ಟೆ, ಬಿಳಿ ಬಿಲ್ಲೆಗಳು, ತಟ್ಟೆಯಂಚಿನಲ್ಲಿ ಅವಳ ಹೆಬ್ಬೆಟ್ಟು. ನಾನು ವ್ಯಾಲ್ಯುಯೇಶನ್ನಿನಲ್ಲಿದ್ದೆ, ಯಾರೋ ಪುಣ್ಯಾತ್ಮ ಲಿಗ್ನಿನ್ ಒಂದು ವಿಟಮಿನ್ ಎಂದು ಬರೆದಿದ್ದ, ಪಕ್ಕದ ಮೇಜಿಗೆ ಓದಿ ಹೇಳಿ ನಗುತ್ತಿದ್ದೆ, ನಗುತ್ತಲೇ ಒತ್ತಿದೆ, ಉತ್ತರಕ್ಕೆ ಫೋನಿನ ಹಳದಿ ಹೆಬ್ಬೆಟ್ಟು, ಅಷ್ಟೇ — ಅಮ್ಮನಿಗೆ ಪಂಚಾಯ್ತಿಯಲ್ಲಿ ಒತ್ತುವಾಗಲೂ ಇಷ್ಟು ಆತುರವಿಲ್ಲ, ಮೊದ್ಲು ಓದಿ ಹೇಳಪ್ಪಾ ಅನ್ನುತ್ತಾಳೆ. ತಮ್ಮನ ಹೆಂಡತಿ ಭೂಮಿಕಾ, ನಾಲ್ಕು ವರ್ಷಕ್ಕೆ ನಿಂತ ಬಸುರು, ಕಹಿ ಕಣತ್ತೆ ಒಲ್ಲೆ ಅಂದವಳು ನನಗೇ ಫೋನು ಮಾಡಿದಳು, ಅತ್ತಿಗೆ, ನೀವು ಹೌದಂದ್ರಂತೆ, ಹಂಗಾದ್ರೆ ಕುಡೀತೀನಿ ಬಿಡಿ. ಹಾಲಲ್ಲಿ ಕುದಿಸಿ ಕೊಟ್ಟರು, ರಾತ್ರಿಯೆಲ್ಲ ವಾಂತಿ, ಶಿವಮೊಗ್ಗದ ಆಸ್ಪತ್ರೆ, ಮೂರನೆಯ ದಿನ ಬಸುರು ಹೋಯ್ತು, ಏನ್ ತಿಂದಿದ್ರು ಎಂದು ಡಾಕ್ಟರು, ಹಾಲು ಅಷ್ಟೇ ಸ್ವಾಮಿ ಎಂದಳು ಅಮ್ಮ, ನಾನು ಗೋಡೆ ನೋಡಿದೆ, ಆಸ್ಪತ್ರೆಯ ಗೋಡೆಗೆ ಸಿಮೆಂಟು ಚೆನ್ನಾಗಿ ಹಾಕಿದ್ದರು. ಹನ್ನೆರಡನೆಯ ದಿನ ಅವಳ ಬಾಚಣಿಗೆಯಲ್ಲಿ ಕೂದಲು, ಗೊಂಚಲು ಗೊಂಚಲು, ಅತ್ತಿಗೆ, ಇದ್ಯಾಕೆ ಹಿಂಗೆ ಕಿತ್ತು ಬತ್ತೈತೆ, ನೀವು ಓದಿರೋರು — ಯಾವ ಗೆಡ್ಡೆ ಹನ್ನೆರಡು ದಿನ ಕಾದು ಕೂದಲು ಕೀಳುತ್ತದೆ ಎಂದು ಓದಿರೋರಿಗೆ ಗೊತ್ತು, ಆದರೂ ಓದಿರೋರಿಗೆ ಸ್ಲೈಡ್ ಬೇಕು. ಒಲೆಯ ಮುಂದೆ ಅಮ್ಮ ಪಿಸುಗುಟ್ಟಿದಳು, ನಾನಾದ್ರೆ ಹೆಬ್ಬೆಟ್ಟು ಕಣೇ, ನೀನು ನೋಡೇ ತಾನೇ ಒತ್ತಿದ್ದು, ನೋಡ್ದೆ ಕಣಮ್ಮ ಅಂದೆ — ನೋಡಿದೆ ಅಂತಲೋ ನೋಡದೆ ಅಂತಲೋ, ಯಗಟಿಯ ಬಾಯಲ್ಲಿ ಎರಡೂ ಒಂದೇ, ಅವಳು ಒಂದನ್ನು ಕೇಳಿಸಿಕೊಂಡು ಕಣ್ಣೊರೆಸಿಕೊಂಡಳು. ಸ್ಲೈಡಿಗೆ ಮೂರು ನಿಮಿಷ ಆಯಿತು, ಐದು, ಎಂಟು, ಉಂಗುರವಿಲ್ಲ, ಬೆಳ್ಳಗೆ ಹಿಟ್ಟು, ತೆಳ್ಳನೆ ಗೋಡೆಗಳೊಳಗೆ ಹಿಟ್ಟು, ಇನ್ನೊಂದು ಹನಿ ಆಸಿಡ್ಡು, ಫೋಕಸ್ ತಿರುಗಿಸುತ್ತೇನೆ, ಮೇಲಕ್ಕೆ, ಇನ್ನೂ ಮೇಲಕ್ಕೆ, ಬೇರು ಮಸುಕಾಗಿ ಗಾಜಿನ ಮೇಲೆ ಗೆರೆಗಳು ಏಳುತ್ತವೆ, ಸುರುಳಿ ಸುರುಳಿ, ಮೇಲಿನ ಕವರ್ ಗಾಜು ಒತ್ತುವಾಗ ಬಿದ್ದ ಗುರುತು, ಒರೆಸಿ ಮತ್ತೆ ಒತ್ತುತ್ತೇನೆ, ಮತ್ತೆ ಅದೇ, ಹೆಬ್ಬೆಟ್ಟು, ನನ್ನ ಹೆಬ್ಬೆಟ್ಟು, ಹೆಬ್ಬೆಟ್ಟು —