ಕಾಲೆತ್ತಿದ ಮೇಲೂ

ಡ್ರೈವರಣ್ಣನನ್ನು ಕೆಲಸದಿಂದ ತೆಗೆದರು. ಕಾರನ್ನು ಹಿಂದಕ್ಕೆ ತೆಗೆಯುವಾಗ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು ಗೋಡೆಗೆ ಗುದ್ದಿದ ಎಂದು, ಕಂಪನಿಯ ಡ್ರೈವರುಗಳು ಕೂರುವ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದರು.

ಕಾರು ನಮ್ಮ ಗ್ಯಾರೇಜಿಗೆ ಬಂತು. ನನ್ನದು ಡೆಂಟು ತೆಗೆಯುವ ಕೆಲಸ. ನಜ್ಜುಗುಜ್ಜಾದ ಡಿಕ್ಕಿ ನನ್ನ ಪಾಲಿಗೆ. ಕಾರಿನ ಬೆನ್ನಿಗೇ ಡ್ರೈವರಣ್ಣನೂ ಬಂದು ನಿಂತ.

"ನಾನು ತುಳಿದಿಲ್ಲ ಸ್ವಾಮಿ. ಕಾಲೆತ್ತಿದ್ದೆ. ಎತ್ತಿದ ಮೇಲೂ ಇಂಜಿನ್ ಕಿರುಚ್ತು."

ಇದನ್ನೇ ಎಷ್ಟು ಜನರ ಮುಂದೆ ಹೇಳಿದ್ದನೋ, ದನಿ ಸವೆದುಹೋಗಿತ್ತು. ಕೆಲಸ ಕೇಳಲು ಹೋದಲ್ಲೆಲ್ಲ ಮೊದಲು ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಚೀಟಿಯ ಮಾತು ಸುಳ್ಳೆಂದು ಗೊತ್ತಾಗುವವರೆಗೆ ಅವನ ಕೈಗೆ ಯಾರೂ ಸ್ಟೀರಿಂಗ್ ಕೊಡುವಂತಿರಲಿಲ್ಲ.

ಗ್ಯಾರೇಜಿನ ಯಜಮಾನ ಬಾನೆಟ್ ಎತ್ತಿ, ನ್ಯೂಟ್ರಲ್‌ನಲ್ಲಿ ಮತ್ತೆ ಮತ್ತೆ ರೇಸ್ ಕೊಟ್ಟ. ಇಂಜಿನ್ ಏರಿತು, ಬಿಟ್ಟಕೂಡಲೇ ಇಳಿಯಿತು.

"ಥ್ರಾಟಲ್ ಕ್ಲೀನಾಗಿದೆ, ಆಕ್ಸಿಲರೇಟರ್ ಕೇಬಲ್ ಸಲೀಸಾಗಿ ಓಡುತ್ತೆ. ಕಾರಿಗೆ ಸುಳ್ಳು ಹೇಳಕ್ಕೆ ಬರಲ್ಲಪ್ಪ."

"ನಿಂಗೆ ಕೇಳಕ್ಕೆ ಬರಲ್ಲ," ಎಂದಳು ಅವನ ಅಕ್ಕ, ಪಕ್ಕದ ಗಾಡಿಯ ಅಡಿಯಿಂದ.

ತಮ್ಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವಳೇ ಅವಳು. ನಾವು ಕರೆಯುವುದು ಕಿವಿಯಕ್ಕ. ಗಾಡಿ ಗೇಟು ದಾಟುವ ಮೊದಲೇ ಸದ್ದು ಕೇಳಿ ಕಾಯಿಲೆ ಹೇಳುತ್ತಾಳೆ. ಆದರೆ ನಾನು ಅವಳಿಗೆ ಸೋತದ್ದು ಇನ್ನೊಂದು ಕಾರಣಕ್ಕೆ. ಬೇರೆ ಮೆಕ್ಯಾನಿಕ್‌ಗಳು ದೂರು ತಂದವನನ್ನು ಪಕ್ಕಕ್ಕೆ ಸರಿಸಿ ಕಾರು ನೋಡುತ್ತಾರೆ. ಇವಳು ಅವನನ್ನೇ ಸೀಟಿನಲ್ಲಿ ಕೂರಿಸಿ, ಆವತ್ತು ಮಾಡಿದ್ದನ್ನೇ ಮತ್ತೆ ಮಾಡಿಸುತ್ತಾಳೆ.

"ಗೋಡೆ ಗುದ್ದಿದಾಗ ನ್ಯೂಟ್ರಲಲ್ಲಿದ್ಯಾ ಅಣ್ಣ?"

"ನ್ಯೂಟ್ರಲಲ್ಲಿ ಹೇಗಮ್ಮ ಗುದ್ದಲಿ? ರಿವರ್ಸಲ್ಲಿ ಏರು ಹತ್ತಿಸ್ತಾ ಇದ್ದೆ."

"ಕೇಳಿಸ್ತಾ ಯಜಮಾನ್ರೇ?"

ಯಜಮಾನ ಬಟ್ಟೆ ಹುಡುಕಿ ಕೈ ಒರೆಸಿಕೊಳ್ಳತೊಡಗಿದ.

ಕಿವಿಯಕ್ಕ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟಳು, ಡ್ರೈವರಣ್ಣನನ್ನು ಸೀಟಿನಲ್ಲಿ ಕೂರಿಸಿ ಹ್ಯಾಂಡ್‌ಬ್ರೇಕ್ ಎಳೆಸಿದಳು, ಹಿಂದಿದ್ದವರನ್ನೆಲ್ಲ ಗದರಿಸಿ ಓಡಿಸಿದಳು. ಇಂಜಿನ್ನಿನ ಪಕ್ಕಕ್ಕೆ ಬಾಗಿ ನಿಂತು, "ರಿವರ್ಸ್ ಹಾಕು. ಸ್ವಲ್ಪ ರೇಸ್ ಕೊಡು. ಕ್ಲಚ್ಚು ಕೂದಲೆಳೆಯಷ್ಟೇ ಬಿಡು. ಈಗ ರೇಸಿಂದ ಕಾಲೆತ್ತು," ಎಂದಳು.

ಮಲಗಿದ್ದ ಎಮ್ಮೆ ಏಳುವಂತೆ ಇಡೀ ಇಂಜಿನ್ ಒಂದು ಮಗ್ಗುಲಿಂದ ಎದ್ದಿತು. ಕೇಬಲ್ ಬಿಗಿಯಿತು. ಕಾರು ಕಿರುಚಿತು. ತೆರೆದ ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಡ್ರೈವರಣ್ಣನ ಬಲಗಾಲು ಗಾಳಿಯಲ್ಲಿತ್ತು.

"ಕ್ಲಚ್ ತುಳಿ! ಆಫ್ ಮಾಡು!"

ಸದ್ದಡಗಿತು. ಅವಳು ಹಾರೆ ಕೊಟ್ಟು ಇಂಜಿನ್ ಮೀಟಿದಳು. ಅಡಿಯ ಮೌಂಟಿಂಗ್ ರಬ್ಬರು ಬಾಯಿಬಿಟ್ಟುಕೊಂಡು ಕಾಣಿಸಿತು.

"ಇಂಜಿನ್ ಹಿಡಿದಿಡೋ ರಬ್ಬರ್ ಇದು, ಹರಿದುಹೋಗಿದೆ. ಭಾರ ಬಿದ್ರೆ ಇಂಜಿನ್ ಎದ್ದು ಕೇಬಲ್ ಎಳೆಯುತ್ತೆ. ಎಳೆದಷ್ಟೂ ರೇಸು, ರೇಸಾದಷ್ಟೂ ಎಳೆತ. ನ್ಯೂಟ್ರಲಲ್ಲಿ ಭಾರ ಎಲ್ಲಿಂದ ಬರ್ಬೇಕು?"

ನನ್ನ ಕೈಯ ಸುತ್ತಿಗೆ ಎತ್ತಿದಲ್ಲೇ ನಿಂತಿತ್ತು. ಹರಿದದ್ದು ರಬ್ಬರು, ಕಿತ್ತೆಸೆದದ್ದು ಮನುಷ್ಯನನ್ನು. ಡ್ರೈವರಣ್ಣ ಇನ್ನೂ ಬಲಗಾಲು ಎತ್ತಿಕೊಂಡೇ ಕೂತಿದ್ದ.

"ಇನ್ನು ಕೆಳಗಿಡಣ್ಣ," ಎಂದಳು ಕಿವಿಯಕ್ಕ, ಮೆಲ್ಲಗೆ.

ಯಜಮಾನ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ ಬಂದ. ಅಕ್ಕನ ಮುಖ ನೋಡದೆ ಹೇಳಿದ:

"ಹೊಸ ಮೌಂಟಿಂಗ್ ಹಾಕಿ ಹಳೇದನ್ನ ಗುಜರಿಗೆ ಎಸೀಬೇಕಂತೆ. ಡ್ರೈವರ್ ತಪ್ಪು ಅಂತ ಆಗಲೇ ತೀರ್ಮಾನ ಆಗಿದೆಯಂತೆ, ಮತ್ತೆ ಕೆದಕೋದು ಬೇಡವಂತೆ. ಅವರ ಗಾಡಿಗಳೆಲ್ಲ ನಮ್ಮಲ್ಲಿಗೇ ಬರೋದು. ಬಿಚ್ಚಕ್ಕ, ಸುಮ್ನೆ ಬಿಚ್ಚು."

ಕಿವಿಯಕ್ಕ ಕಾರಿನ ಕೀಲಿ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು.

"ಬಿಚ್ಚಲ್ಲ. ಆ ಮ್ಯಾನೇಜರ್ ಬಂದು ಇದೇ ಸೀಟಲ್ಲಿ ಕೂರ್ಲಿ, ಅವರ ಕಾಲೂ ಎತ್ತಿಸ್ತೀನಿ. ಅಲ್ಲೀವರೆಗೆ ಈ ಗಾಡಿಗೆ ನಾನೂ ಸ್ಪ್ಯಾನರ್ ಇಡಲ್ಲ, ನೀನೂ ಇಡಲ್ಲ."